ರೌದ್ರ: ಕ್ರೌರ್ಯದಲ್ಲಿ ಅಡಗಿದ ಆನಂದ

ಮಳೆಯ ರೌದ್ರಾವತಾರ, ನದಿಯ ರೌದ್ರನರ್ತನ ಎಂಬ ಮಾತುಗಳು ಕನ್ನಡದ ದಿನಬಳಕೆಯಲ್ಲಿವೆ. ಕಾವ್ಯಮೀಮಾಂಸೆಯಲ್ಲಿ ರೌದ್ರವು ನವರಸಗಳಲ್ಲೊಂದು. ಕ್ರೋಧವು ಅದರ ಸ್ಥಾಯಿಭಾವ. ಜಿನಾಗಮದಲ್ಲಿ ಈ ಪದದ ನೆಲೆ ಬೇರೆ. ಅಲ್ಲಿ ಅದು ಒಂದು ಧ್ಯಾನದ ಹೆಸರು.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಆರ್ತ, ರೌದ್ರ, ಧರ್ಮ್ಯ, ಶುಕ್ಲವೆಂದು ಧ್ಯಾನವನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಕೊನೆಯ ಎರಡು ಮೋಕ್ಷಕ್ಕೆ ಕಾರಣ. ಮೊದಲಿನ ಎರಡು ಸಂಸಾರಕ್ಕೆ ಕಾರಣ. ಸರ್ವಾರ್ಥಸಿದ್ಧಿಯನ್ನು ರಚಿಸಿದ ಪೂಜ್ಯಪಾದರು ರುದ್ರವೆಂದರೆ ಕ್ರೂರವಾದ ಆಶಯವೆಂದೂ ಅದರಿಂದ ಹುಟ್ಟಿದ್ದೇ ರೌದ್ರವೆಂದೂ ವಿವರಿಸಿದ್ದಾರೆ. ಹಿಂಸಾನಂದ, ಮೃಷಾನಂದ, ಚೌರ್ಯಾನಂದ, ವಿಷಯಸಂರಕ್ಷಣಾನಂದ ಎಂದು ಅದರಲ್ಲಿ ನಾಲ್ಕು ಬಗೆ. ನಾಲ್ಕರಲ್ಲಿಯೂ ‘ಆನಂದ’ವೆಂಬ ಮಾತಿದೆ. ಪರರನ್ನು ನೋಯಿಸುವುದರಲ್ಲಿ, ವಂಚಿಸುವುದರಲ್ಲಿ, ಕಸಿಯುವುದರಲ್ಲಿ, ತನ್ನದನ್ನು ಏನಾದರೂ ಮಾಡಿ ಕಾಯುವುದರಲ್ಲಿ ಮನಸ್ಸು ಸುಖಿಸಿದರೆ ಅದು ರೌದ್ರ. ಕೋಪಿಷ್ಠನು ಮರುಗಳಿಗೆಯಲ್ಲಿ ಪಶ್ಚಾತ್ತಾಪ ಪಡಬಹುದು. ರೌದ್ರಧ್ಯಾನಿಯು ನಗುಮುಖದಿಂದಲೇ ಇರಬಹುದು.

ಕನಕಪುರ ತಾಲ್ಲೂಕಿನ ಸಾತನೂರು ಸೀಮೆಯನ್ನು ನೋಡಬಹುದು. ಕಾಡಂಚಿನ ಹೊಲಗಳಿಗೆ ಆನೆಗಳು ನುಗ್ಗಿ ರಾಗಿಯನ್ನೂ ಬಾಳೆಯನ್ನೂ ತುಳಿದುಹಾಕುವುದು ಅಲ್ಲಿನ ರೈತರ ಹಳೆಯ ಸಂಕಟ. ತಮಟೆ ಬಡಿದು, ಪಟಾಕಿ ಸಿಡಿಸಿ ಆನೆಯನ್ನು ಅಟ್ಟುವ ರೈತನು ರೌದ್ರಧ್ಯಾನಿಯಲ್ಲ. ಆತ್ಮರಕ್ಷಣೆಗಾಗಿ ಅನಿವಾರ್ಯವಾಗಿ ಸಂಭವಿಸುವುದನ್ನು ಶ್ರಾವಕಾಚಾರವು ವಿರೋಧಿ ಹಿಂಸೆಯೆಂದು, ಕೊಲ್ಲಬೇಕೆಂದೇ ಮಾಡುವುದನ್ನು ಸಂಕಲ್ಪಿ ಹಿಂಸೆಯೆಂದು ಬೇರ್ಪಡಿಸುತ್ತದೆ. ಬೇಲಿಯ ತಂತಿಗೆ ಕದ್ದು ವಿದ್ಯುತ್ ಹರಿಸಿ ಆನೆ ಸಾಯಲೆಂದು ಕಾಯುವುದು ಎರಡನೆಯದು. ಅದು ಸತ್ತಾಗ ಹಿಗ್ಗಿದರೆ ರೌದ್ರವು ಪೂರ್ಣವಾಯಿತು. ಬೆಳೆ ಕಳೆದುಕೊಂಡವನ ದುಃಖಕ್ಕಾದರೂ ಒಂದು ಕಾರಣವಿದೆ. ಆದರೆ ದೂರದ ಊರಿನಲ್ಲಿ ಕುಳಿತು, ನರಳುವ ಪ್ರಾಣಿಯ ಚಿತ್ರವನ್ನು ಮೊಬೈಲಿನಲ್ಲಿ ನೋಡಿ ರಂಜಿಸುವವನು ಯಾವ ನಷ್ಟವೂ ಇಲ್ಲದೆ ಅದೇ ಧ್ಯಾನಕ್ಕೆ ಇಳಿಯುತ್ತಾನೆ.

ಕೈ ಕೊಲ್ಲದಿದ್ದರೂ ಭಾವ ಕೊಲ್ಲಬಲ್ಲುದು ಎಂಬುದನ್ನು ಕನ್ನಡಿಗರಿಗೆ ಮನಗಾಣಿಸಿದವನು ಕವಿ ಜನ್ನ. 1209ರಲ್ಲಿ ರಚಿತವಾದ ಅವನ ಯಶೋಧರ ಚರಿತೆಯಲ್ಲಿ ರಾಜ ಯಶೋಧರನು ಜೀವಬಲಿಗೆ ಒಪ್ಪದೆ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಆ ಸಂಕಲ್ಪವೊಂದರಿಂದಲೇ ತಾಯಿಮಗ ಇಬ್ಬರೂ ಹಲವು ಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ದಾರುಣವಾಗಿ ಸಾಯುತ್ತಾರೆ. ರಾಜನು ಬಲಿಯಲ್ಲಿ ಸುಖಿಸಿದವನಲ್ಲ. ಒಲ್ಲದ ಮನಸ್ಸಿನ ಸಂಕಲ್ಪಕ್ಕೇ ಇಂಥ ಫಲವಾದರೆ, ಸುಖಿಸುವ ಮನಸ್ಸಿನ ಗತಿಯನ್ನು ಊಹಿಸಬಹುದು. ರೌದ್ರಧ್ಯಾನವು ನರಕಗತಿಗೆ ಕಾರಣವೆಂದು ಶಾಸ್ತ್ರವು ಎಚ್ಚರಿಸಿರುವುದು ಇದಕ್ಕಾಗಿಯೇ.

ಅವಿರತನಲ್ಲಿ ಮಾತ್ರವಲ್ಲದೆ ದೇಶವಿರತನಲ್ಲಿ, ಅಂದರೆ ಅಣುವ್ರತ ಹಿಡಿದ ಗೃಹಸ್ಥನಲ್ಲಿಯೂ ರೌದ್ರವು ಹುಟ್ಟಬಹುದೆಂದು ಸೂತ್ರಕಾರರು ಹೇಳಿದ್ದಾರೆ. ಮನೆ, ಹೊಲ, ಹಣಗಳನ್ನು ಕಾಯಬೇಕಾದವನಿಗೆ ಈ ಅಪಾಯ ತಪ್ಪಿದ್ದಲ್ಲ. ಆದುದರಿಂದಲೇ ಅದೇ ಗ್ರಂಥದ 7ನೆಯ ಅಧ್ಯಾಯವು ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ಭಾವನೆಗಳನ್ನು ಬೋಧಿಸುತ್ತದೆ. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ನೊಂದವರಲ್ಲಿ ಕಾರುಣ್ಯ, ತಿದ್ದಲಾಗದವರಲ್ಲಿ ಮಾಧ್ಯಸ್ಥ್ಯ. ಸಂಜೆಯ ಸಾಮಾಯಿಕಕ್ಕೆ ಕುಳಿತ ಶ್ರಾವಕನು ಆ ದಿನ ಯಾರ ನೋವು ತನಗೆ ಹಿತವೆನಿಸಿತೆಂದು ಒಮ್ಮೆ ನೆನೆದುಕೊಂಡರೆ, ಕಾರುಣ್ಯಕ್ಕೆ ಎಡೆ ಎಲ್ಲಿ ಬೇಕೆಂಬುದು ಅವನಿಗೇ ತಿಳಿಯುತ್ತದೆ.