ಉಣ್ಣುವ ಕಾಳು, ಬಿತ್ತುವ ಕಾಳು

ಮನೆಯಲ್ಲಿ ಹಿಟ್ಟಿನ ಡಬ್ಬ ಖಾಲಿ. ಪುಕ್ಕಟೆ ಹಂಚಲೆಂದು ಬಂದ ಜೋಳದ ಮೂಟೆಗಳು ಗೋದಾಮಿನಲ್ಲಿವೆ. ಆದರೆ ‘ಅದು ಬೇಡ’ ಎಂದು ಸರ್ಕಾರವೇ ಹೇಳುತ್ತಿದೆ. ಇದು ಕಟ್ಟುಕತೆಯಲ್ಲ. 2002ರಲ್ಲಿ ಆಫ್ರಿಕದ ಜಾಂಬಿಯಾದಲ್ಲಿ ನಡೆದದ್ದು.

ಆ ವರ್ಷ ಆಫ್ರಿಕ ಖಂಡದ ದಕ್ಷಿಣ ಭಾಗದ ಆರು ದೇಶಗಳಲ್ಲಿ ಒಂದು ಕೋಟಿಗೂ ಹೆಚ್ಚು ಜನ ಹಸಿದಿದ್ದರು. ಜಾಂಬಿಯಾದಲ್ಲೇ ಅವರ ಸಂಖ್ಯೆ 20 ಲಕ್ಷ ದಾಟಿತ್ತು. ಅಲ್ಲಿ ಮೆಕ್ಕೆಜೋಳವೇ ಅನ್ನ. ಅದರ ಹಿಟ್ಟು ತೊಳಸಿ ಮಾಡುವ ‘ನ್ಶಿಮಾ’ ನಮ್ಮ ರಾಗಿಮುದ್ದೆಯ ದಾಯಾದಿ. ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಅಮೆರಿಕ ಕಳಿಸಿದ ಜೋಳದಲ್ಲಿ ಕುಲಾಂತರಿ ಕಾಳುಗಳೂ ಬೆರೆತಿದ್ದವು.

ಏನಿದು ಕುಲಾಂತರಿ? ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಕೆಲವು ಹುಳುಗಳನ್ನು ಕೊಲ್ಲುವ ಪ್ರೋಟೀನನ್ನು ತಯಾರಿಸುತ್ತದೆ. ಅದರ ಜೀನನ್ನು ಜೋಳದೊಳಕ್ಕೆ ಸೇರಿಸಿದರೆ ಜೋಳವೇ ಆ ಪ್ರೋಟೀನನ್ನು ತಯಾರಿಸಿಕೊಳ್ಳುತ್ತದೆ. ಕಾಂಡ ಕೊರೆಯಲು ಬಂದ ಹುಳು ಸಾಯುತ್ತದೆ. ಇದೇ ಬಿಟಿ ತಂತ್ರ. ಭಾರತ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟದ್ದೂ ಅದೇ 2002ರಲ್ಲಿ.

ಜಾಂಬಿಯಾದ ಅಧ್ಯಕ್ಷ ಲೆವಿ ಮ್ವಾನವಾಸಾ ಈ ಜೋಳವನ್ನು ನಿರಾಕರಿಸಿದರು. ಮೊದಲ ಅಂಜಿಕೆ ಆರೋಗ್ಯದ್ದು. ಅಮೆರಿಕನ್ನರೂ ಇದನ್ನೇ ತಿನ್ನುತ್ತಾರಲ್ಲ ಎಂಬ ವಾದಕ್ಕೆ, ಅವರು ಹೊತ್ತುಹೊತ್ತಿಗೂ ಜೋಳವನ್ನೇ ಉಣ್ಣುವುದಿಲ್ಲ ಎಂಬ ಉತ್ತರ ಸಿದ್ಧವಿತ್ತು. ಎರಡನೆಯದು ಬೀಜದ ಅಂಜಿಕೆ. ಕಾಳನ್ನು ಉಣ್ಣಲೂ ಬಹುದು, ಬಿತ್ತಲೂ ಬಹುದು. ಜೋಳದ ಪರಾಗ ಗಾಳಿಯಲ್ಲಿ ಹಾರಿ ನೆರೆಹೊಲಕ್ಕೆ ಹೋಗುತ್ತದೆ. ನಾಡತಳಿಗಳಲ್ಲಿ ಹೊಸ ಜೀನ್ ಬೆರೆತರೆ, ಕುಲಾಂತರಿಯನ್ನು ಸಂಶಯದಿಂದ ನೋಡುವ ಯುರೋಪಿನ ಮಾರುಕಟ್ಟೆ ಕೈತಪ್ಪೀತು ಎಂಬ ಚಿಂತೆ.

ನೆರೆಯ ಮಲಾವಿ, ಮೊಜಾಂಬಿಕ್, ಜಿಂಬಾಬ್ವೆಗಳು ಜಾಣದಾರಿ ಹುಡುಕಿದವು. ‘ಹಿಟ್ಟು ಮಾಡಿ ಕೊಡಿ’ ಎಂದವು. ಹಿಟ್ಟು ಮೊಳೆಯುವುದಿಲ್ಲವಲ್ಲ! ಜಾಂಬಿಯಾ ಅದಕ್ಕೂ ಒಪ್ಪಲಿಲ್ಲ. ಅದರ ವಿಜ್ಞಾನಿಗಳ ತಂಡ ಅಮೆರಿಕ, ಯುರೋಪ್ ಸುತ್ತಿ ಬಂದು ಬೇಡವೆಂದೇ ಸಲಹೆ ಕೊಟ್ಟಿತು. ಬೇರೆ ಕಡೆಯಿಂದ ಸಾಮಾನ್ಯ ಜೋಳ ತರಿಸಬೇಕಾಯಿತು. ಅದು ಬರುವವರೆಗೆ ಕಾದದ್ದು ಬಡವರ ಹೊಟ್ಟೆ.

ಯಾರು ಸರಿ? ಪರೀಕ್ಷೆಗೊಳಗಾಗಿ ಮಾರುಕಟ್ಟೆಗೆ ಬಂದ ಕುಲಾಂತರಿ ಆಹಾರದಿಂದ ಆರೋಗ್ಯ ಕೆಟ್ಟಿದೆ ಎಂಬುದಕ್ಕೆ ಇದುವರೆಗೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಆ ಮಟ್ಟಿಗೆ ಜಾಂಬಿಯಾದ ಭಯ ಅತಿಯಾಯಿತು. ಆದರೆ ಬೀಜದ ಚಿಂತೆ ಸುಳ್ಳಲ್ಲ. ಅದಕ್ಕೆ ಹಿಟ್ಟಿನ ಗಿರಣಿಯ ಪರಿಹಾರವಿತ್ತು.

ಕತೆಯ ಮುಂದಿನ ಭಾಗ ಕುತೂಹಲಕರ. 2003ರಲ್ಲಿ ಮಳೆ ಚೆನ್ನಾಯಿತು. ರೈತರಿಗೆ ರಿಯಾಯಿತಿ ದರದಲ್ಲಿ ಬೀಜ, ಗೊಬ್ಬರ ಸಿಕ್ಕಿತು. ಜಾಂಬಿಯಾದ ಜೋಳದ ಫಸಲು ಹಿಂದಿನ ವರ್ಷದ ಸುಮಾರು ಎರಡು ಪಟ್ಟಾಯಿತು. ಕುಲಾಂತರಿ ಬೀಜ ಬಿತ್ತಿರಲಿಲ್ಲ. ಹಸಿವಿಗೆ ಬೀಜವೊಂದೇ ಮದ್ದಲ್ಲ. ನೀರು, ಗೊಬ್ಬರ, ರಸ್ತೆ, ಗೋದಾಮು, ಕೊಳ್ಳುವ ಕಾಸು ಎಲ್ಲವೂ ಬೇಕು.

ಹಾಗೆಂದು ವಿಜ್ಞಾನಕ್ಕೆ ಬಾಗಿಲು ಹಾಕುವುದೂ ಜಾಣತನವಲ್ಲ. ಜಾಂಬಿಯಾ 2007ರಲ್ಲಿ ಜೈವಿಕ ಸುರಕ್ಷತಾ ಕಾಯ್ದೆ ಮಾಡಿಕೊಂಡಿತು. ಬೀಜವನ್ನು ತಾನೇ ಪರೀಕ್ಷಿಸಬಲ್ಲ ದೇಶ ‘ಹೌದು’ ಎಂದರೂ ‘ಬೇಡ’ ಎಂದರೂ ಅದಕ್ಕೊಂದು ತೂಕ ಇರುತ್ತದೆ. ಆ ಪರೀಕ್ಷೆಗೆ ಬೇಕಾದ ಸಿದ್ಧತೆ ಬರಕ್ಕೆ ಮುಂಚೆ ಆಗಬೇಕು. ಹಸಿದವರನ್ನು ಸಾಲಿನಲ್ಲಿ ನಿಲ್ಲಿಸಿಕೊಂಡಲ್ಲ.

ಇಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ-ಅಮ್ಮನನ್ನು ಕೇಳಿ ನೋಡಿ: ಆ ಅಧ್ಯಕ್ಷರ ಜಾಗದಲ್ಲಿ ನಾವಿದ್ದಿದ್ದರೆ?