ಫೋಟೊ ಮುಗಿದ ಮೇಲೆ

ಪದವಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತ ಆನೆಗೊಂದಿಯ ಮನೆಯಲ್ಲೇ ಇದ್ದೆ. ‘ಈಗೇನ್ ಮಾಡಾಕತ್ತೀಯಪ್ಪಾ?’ ಎಂಬ ಪ್ರಶ್ನೆಗೆ ಹೆದರಿ ಹೊರಗೆ ಬರುವುದನ್ನೇ ಬಿಟ್ಟಿದ್ದೆ. ಜೂನ್ 5ರಂದು ಗೆಳೆಯರು ಎಳೆದೊಯ್ದರು. ಗಗನ ಮಹಲ್ ಹತ್ತಿರದ ರಸ್ತೆಬದಿಯಲ್ಲಿ ಕಸ ತುಂಬಿದ್ದ ಸಿಮೆಂಟ್ ಕುಂಡಗಳಲ್ಲಿ ದಾಸವಾಳ ನೆಟ್ಟೆವು. ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದೆವು.

ಹದಿನೈದೇ ದಿನಕ್ಕೆ ಅರ್ಧ ಆಡುಗಳ ಪಾಲು, ಉಳಿದರ್ಧ ಬಿಸಿಲಿನ ಪಾಲು. ‘ತಮ್ಮಾ, ಗಿಡ ಹಚ್ಚೋದು ಒಂದಿನದ ಕೆಲ್ಸ, ನೀರು ಹಾಕೋದು ದಿನಾ ಕೆಲ್ಸ’ ಎಂದರು ಅಲ್ಲೇ ಹೂ ಮಾರುವ ಅಜ್ಜಿ.

ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಬೆಳೆಸಿದ ಆಲದ ಮರಗಳು 385, ಪದ್ಮಶ್ರೀ ಬಂದದ್ದು 2019ರಲ್ಲಿ. ಇದೆಲ್ಲ ಪರೀಕ್ಷೆಗೆಂದು ಬಾಯಿಪಾಠವಾಗಿತ್ತು. ಆ ಗಿಡಗಳಿಗೆ ಅವರು ಕೊಡದಲ್ಲಿ ನೀರು ಹೊತ್ತದ್ದು ಮಾತ್ರ ಮರೆತಿದ್ದೆ.

ಪಂಚಾಯಿತಿಗೆ ತಿಳಿಸಿ ಮತ್ತೆ ಶುರುಮಾಡಿದೆವು. ಕುಂಡದ ತಳದ ತೂತು ಬಿಡಿಸಿ, ಮೇಲೆ ಹೆಂಚಿನ ಚೂರಿಟ್ಟು, ಮಣ್ಣಿಗೆ ತಿಪ್ಪೆಗೊಬ್ಬರ ಬೆರೆಸಿದೆವು. ಈ ಸಲ ಆಡು ಮೂಸದ ನಿತ್ಯಪುಷ್ಪ, ಲೋಳೆಸರ.

ಐವರಲ್ಲಿ ಈಗ ಉಳಿದವರು ಇಬ್ಬರೇ. ಬೆಳಿಗ್ಗೆ ಆರಕ್ಕೆ ನಾಲ್ಕು ಕೊಡ ನೀರು, ಆಮೇಲೆ ಓದು. ನನ್ನ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ. ಆದರೆ ಯಾರಾದರೂ ಅದೇ ಪ್ರಶ್ನೆ ಕೇಳಿದರೆ ಈಗ ತಲೆ ತಗ್ಗಿಸುವುದಿಲ್ಲ:

‘ಓದಾಕತ್ತೀನ್ರೀ, ಗಿಡಕ್ಕ ನೀರು ಹಾಕಾಕತ್ತೀನ್ರೀ.’