ಒಂದೇ ಇಲಿ, 26 ಎದುರಾಳಿಗಳು

ಬೇಸಿಗೆ ರಜೆ ಬಂತೆಂದರೆ ಪಾಲಕರಿಗೆ ತಲೆನೋವು ಶುರು. ತ್ಯಾಗರಾಜನಗರದಂಥ ಹಳೆಯ ಬಡಾವಣೆಯಾಗಲಿ, ಊರಾಚೆಯ ಹೊಸ ಅಪಾರ್ಟ್‌ಮೆಂಟ್ ಆಗಲಿ, ದೂರು ಒಂದೇ: ‘ಮಕ್ಕಳು ವಿಡಿಯೋ ಗೇಮ್ ಬಿಟ್ಟು ಏಳುವುದೇ ಇಲ್ಲ’. ಎಷ್ಟು ಹೊತ್ತು ಆಡಿದರು ಎಂಬ ಲೆಕ್ಕವನ್ನು ಎಲ್ಲರೂ ಇಡುತ್ತಾರೆ. ಹೇಗೆ ಆಡಿದರು ಎಂದು ಕೇಳುವವರು ಕಡಿಮೆ. ಒಂದೇ ಆಟವನ್ನು ಮೈಮರೆತು ಆಡುವುದಕ್ಕೂ ತಲೆ ಓಡಿಸಿ ಆಡುವುದಕ್ಕೂ ಅಜಗಜಾಂತರವಿದೆ. ಈ ಅಂತರವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವುದು ‘ಪೋಕೆಮಾನ್’ ಆಟವನ್ನು ಒಂದೇ ಒಂದು ಜೀವಿಯನ್ನು ನೆಚ್ಚಿಕೊಂಡು ಆಡಿ ಮುಗಿಸುವ ಸಾಹಸ.

ಕೀಟ ಹಿಡಿಯುತ್ತಿದ್ದ ಹುಡುಗ

ಪೋಕೆಮಾನ್ ಆಟದ ಜನಕ ಜಪಾನಿನ ಸಾತೋಶಿ ತಾಜಿರಿ. 1965ರಲ್ಲಿ ಹುಟ್ಟಿದ ಈತನಿಗೆ ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಕೂಡಿಡುವ ಹುಚ್ಚು. ಊರು ಬೆಳೆದು ಹೊಲ, ಕೊಳಗಳು ಮಾಯವಾದ ಮೇಲೆ ಆ ಸುಖವನ್ನು ಮಕ್ಕಳಿಗೆ ಬೇರೊಂದು ರೂಪದಲ್ಲಿ ಕೊಡಬೇಕೆನಿಸಿತು. 1996ರ ಫೆಬ್ರುವರಿ 27ರಂದು ಜಪಾನಿನಲ್ಲಿ ನಿಂಟೆಂಡೊ ಕಂಪೆನಿಯ ‘ಗೇಮ್ ಬಾಯ್’ ಎಂಬ ಅಂಗೈಯಗಲದ ಯಂತ್ರಕ್ಕಾಗಿ ಕೆಂಪು ಮತ್ತು ಹಸಿರು ಎಂಬ ಎರಡು ಆವೃತ್ತಿಗಳು ಹೊರಬಂದವು. ನಮ್ಮ ಮಕ್ಕಳಿಗೆ ಪೋಕೆಮಾನ್ ಪರಿಚಯವಾದದ್ದು ಹೆಚ್ಚಾಗಿ 2003ರಲ್ಲಿ ಟಿವಿಯಲ್ಲಿ ಬರತೊಡಗಿದ ಕಾರ್ಟೂನಿನಿಂದ. 2016ರ ಡಿಸೆಂಬರಿನಲ್ಲಿ ‘ಪೋಕೆಮಾನ್ ಗೋ’ ಭಾರತಕ್ಕೆ ಅಧಿಕೃತವಾಗಿ ಬಂದಾಗ ಮೊಬೈಲ್ ಹಿಡಿದು ಬೀದಿ ಸುತ್ತುವ ಭಾಗ್ಯವೂ ಒದಗಿತು.

ಮೊದಲ ಆಟದಲ್ಲಿದ್ದ ಜೀವಿಗಳು 151. ಆಟಗಾರ ಒಂದು ಸಲಕ್ಕೆ ಆರನ್ನು ಜೊತೆಗಿಟ್ಟುಕೊಳ್ಳಬಹುದು. ಒಂದೊಂದು ಜೀವಿಗೂ ನಾಲ್ಕೇ ಪಟ್ಟುಗಳು. ಎಂಟು ಊರುಗಳಲ್ಲಿ ಜಿಮ್‌ಗಳಿವೆ. ನಮ್ಮ ಗರಡಿ ಮನೆಗಳೆಂದೇ ತಿಳಿಯಬಹುದು. ಅಲ್ಲಿಯ ಎಂಟು ಮಂದಿ ಉಸ್ತಾದರನ್ನು ಸೋಲಿಸಿ, ಕೊನೆಗೆ ನಾಲ್ವರು ಮಹಾರಥಿಗಳನ್ನೂ ಚಾಂಪಿಯನ್ನನ್ನೂ ಗೆಲ್ಲಬೇಕು.

ಆರು ಬೇಡ, ಒಂದು ಸಾಕು

ಈ ಆಟವನ್ನು ಹಲವು ಸಲ ಮುಗಿಸಿದವರು ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡರು: ಕಾಳಗಕ್ಕೆ ಇಳಿಯುವುದು ಒಂದೇ ಜೀವಿ. ಆರಂಭದಲ್ಲಿ ಆಟವೇ ಕೈಗಿಡುವ ಜೀವಿಯನ್ನು ಕಂಪ್ಯೂಟರ್ ಪೆಟ್ಟಿಗೆಯಲ್ಲಿಟ್ಟು, ಆರಿಸಿಕೊಂಡದ್ದನ್ನು ಹಿಡಿದು ಹೊರಡುವುದು. ಮರ ಕಡಿಯಲು, ನೀರು ದಾಟಲು, ಬಂಡೆ ತಳ್ಳಲು ಬೇರೆ ಬೇರೆ ವಿದ್ಯೆಗಳು ಬೇಕು. ಅವೆಲ್ಲ ಒಂದೇ ಜೀವಿಗೆ ಬರುವುದು ಅಪರೂಪ. ಆದ್ದರಿಂದ ದಾರಿ ತೆರೆಯಲು ಮಾತ್ರ ಸಹಾಯಕನೊಬ್ಬನನ್ನು ಇಟ್ಟುಕೊಳ್ಳುವುದಕ್ಕೆ ವಿನಾಯಿತಿ ಉಂಟು. ಆದರೆ ಅವನು ಕಾದಾಡುವಂತಿಲ್ಲ.

ಕೇಳಿದರೆ ಬಲು ಕಷ್ಟವೆನಿಸುತ್ತದೆ, ಅಲ್ಲವೇ? ಸ್ವಾರಸ್ಯವೆಂದರೆ, ಬಲಶಾಲಿ ಜೀವಿಯೊಂದನ್ನು ಆರಿಸಿಕೊಂಡರೆ ಇದು ಅಷ್ಟೇನೂ ಕಷ್ಟವಲ್ಲ! ಎದುರಾಳಿಯನ್ನು ಗೆದ್ದಾಗ ಸಿಗುವ ಅನುಭವಾಂಕ ಆ ಕಾಳಗದಲ್ಲಿ ಭಾಗವಹಿಸಿದವರಿಗೆಲ್ಲ ಹಂಚಿಹೋಗುತ್ತದೆ. 600 ಅಂಕವನ್ನು ಆರು ಜೀವಿಗಳು ಹಂಚಿಕೊಂಡರೆ ತಲಾ 100. ಒಂದೇ ಇದ್ದರೆ ಅಷ್ಟೂ ಅದಕ್ಕೇ. ಹೀಗಾಗಿ ಒಂಟಿ ಜೀವಿಯ ಲೆವೆಲ್ ಬೇಗ ಬೇಗ ಏರುತ್ತದೆ. ಮೊದಲ ಬಾರಿ ಆಡುವ ಮಕ್ಕಳು ತಮ್ಮ ಮೊದಲ ಜೀವಿಯನ್ನೇ ಮುದ್ದಿನಿಂದ ಬೆಳೆಸಿ ಆಟ ಗೆಲ್ಲುವುದರ ಗುಟ್ಟೂ ಇದೇ.

ಗುಣಾಕಾರದ ಆಟ

ಪರದೆಯ ಮೇಲಿನ ಕಾಳಗದ ಹಿಂದೆ ಇರುವುದು ಬರೀ ಗಣಿತ. ಒಂದು ಸರಳ ಲೆಕ್ಕ ನೋಡೋಣ. ಪಟ್ಟಿನ ಬಲ 40, ದಾಳಿಯ ಬಲ ಎದುರಾಳಿಯ ರಕ್ಷಣೆಗೆ ಸಮ ಎಂದಿರಲಿ. ಉಳಿದ ಅಂಶಗಳನ್ನು ಬಿಟ್ಟರೆ 20ನೇ ಲೆವೆಲ್‌ನ ಜೀವಿಯ ಏಟು 10 ಅಂಕದಷ್ಟಾಗುತ್ತದೆ. ಅದೇ ಜೀವಿ 40ನೇ ಲೆವೆಲ್‌ಗೆ ಏರಿದರೆ ಅದರ ದಾಳಿಯ ಬಲವೂ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ. ಆಗ ಅದೇ ಎದುರಾಳಿಗೆ ಬೀಳುವ ಏಟು ಸುಮಾರು 30! ಲೆವೆಲ್ ಎರಡು ಪಟ್ಟು, ಏಟು ಮೂರು ಪಟ್ಟು.

ಇದರ ಮೇಲೆ ಬರುವುದು ವರ್ಗಗಳ ಲೆಕ್ಕ. ಮೊದಲ ಆಟದಲ್ಲಿ ಬೆಂಕಿ, ನೀರು, ಕಲ್ಲು, ಮಣ್ಣು, ದೆವ್ವ ಹೀಗೆ 15 ವರ್ಗಗಳಿವೆ. ನೀರಿನ ಏಟು ಬೆಂಕಿಗೆ ಎರಡು ಪಟ್ಟು. ಸಾಮಾನ್ಯ ವರ್ಗದ ಏಟು ಕಲ್ಲಿಗೆ ಅರ್ಧ. ಅರ್ಧವಾದರೂ ಚಿಂತೆಯಿಲ್ಲ. 30ರ ಅರ್ಧ 15, ಅದು ಮೊದಲಿನ 10ಕ್ಕಿಂತ ಹೆಚ್ಚೇ. ಅಂದರೆ ಸಾಕಷ್ಟು ಹೊತ್ತು ಕೂತು ಲೆವೆಲ್ ಏರಿಸಿಕೊಂಡರೆ ಅರ್ಧದ ತೊಡಕನ್ನು ದಾಟಬಹುದು. ಆದರೆ ಕೆಲವು ಜೋಡಿಗಳಲ್ಲಿ ಗುಣಕ ಸೊನ್ನೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ.

ಇಲಿಯೂ ದೆವ್ವವೂ

ರಟಾಟಾ ಎಂಬ ಪುಟ್ಟ ಇಲಿಯನ್ನೇ ತೆಗೆದುಕೊಳ್ಳಿ. ಆಟದ ಮೊದಲ ದಾರಿಯ ಹುಲ್ಲಿನಲ್ಲೇ ಸಿಗುವ ಈ ಬಡಪಾಯಿಯನ್ನು ಸಾಮಾನ್ಯ ಆಟಗಾರರು ಕಣ್ಣೆತ್ತಿಯೂ ನೋಡುವುದಿಲ್ಲ. ಢೀ ಕೊಡುವುದು, ಚುರುಕಾಗಿ ಎರಗುವುದು, ಬಲವಾಗಿ ಕಚ್ಚುವುದು ಅದರ ಮೊದಮೊದಲಿನ ಪಟ್ಟುಗಳು. ಎಲ್ಲವೂ ಸಾಮಾನ್ಯ ವರ್ಗದವೇ. ಮೊದಲ ಗರಡಿಯ ಬ್ರಾಕ್ ಬಳಿ 12 ಮತ್ತು 14ನೇ ಲೆವೆಲ್‌ನ ಎರಡು ಕಲ್ಲಿನ ಜೀವಿಗಳು. ಅಲ್ಲಿ ಏಟು ಅರ್ಧ, ತಾಳ್ಮೆಯಿದ್ದರೆ ಗೆಲ್ಲಬಹುದು. ಆದರೆ ಕೊನೆಯ ನಾಲ್ವರು ಮಹಾರಥಿಗಳಲ್ಲಿ ಮೂರನೆಯವಳಾದ ಅಗಾಥಾ ಬಳಿ ಇರುವ ಐದು ಜೀವಿಗಳಲ್ಲಿ ಮೂರು ದೆವ್ವಗಳು. ಇಲಿ 100ನೇ ಲೆವೆಲ್‌ ಮುಟ್ಟಿದ್ದರೂ ಅವುಗಳ ಮೇಲೆ ಈ ಮೂರು ಪಟ್ಟುಗಳು ಸೊನ್ನೆ.

ದಾರಿಯಿಲ್ಲವೇ? ಇದೆ. ಆಟದ ಮೊದಲ ಭಾಗದಲ್ಲೇ ನೆಲ ಕೊರೆಯುವ ವಿದ್ಯೆಯೊಂದು ದೊರೆಯುತ್ತದೆ. ಅದನ್ನು ಒಂದೇ ಸಲ, ಒಂದೇ ಜೀವಿಗೆ ಕಲಿಸಬಹುದು, ಇಲಿ ಕಲಿಯಬಲ್ಲದು. ಅಗಾಥಾಳ ದೆವ್ವಗಳು ವಿಷ ವರ್ಗಕ್ಕೂ ಸೇರಿದವು. ವಿಷದ ಮೇಲೆ ಮಣ್ಣಿನ ಏಟು ಎರಡು ಪಟ್ಟು. ಸೊನ್ನೆ ಇದ್ದಲ್ಲಿ ಎರಡು ಬಂತು! ಆದರೆ ಅವಳ ಬಳಿಯೇ ಹಾರುವ ಬಾವಲಿಯೂ ಒಂದಿದೆ. ಹಾರುವುದಕ್ಕೆ ಮಣ್ಣಿನ ಪಟ್ಟು ಸೊನ್ನೆ, ಅಲ್ಲಿ ಹಳೆಯ ಕಚ್ಚುವ ಪಟ್ಟೇ ಗತಿ. ಇರುವ ನಾಲ್ಕು ಜಾಗಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮುಂಚೆಯೇ ಯೋಚಿಸಿರಬೇಕು.

ಇನ್ನೂ ಒಂದು ತೊಡಕುಂಟು. ಪ್ರತಿ ಪಟ್ಟಿಗೂ ಬಳಕೆಯ ಮಿತಿಯಿದೆ. ಕೊರೆಯುವ ಪಟ್ಟಿಗೆ ಹತ್ತೇ ಸಲ. ಕೊನೆಯ ಹಂತದಲ್ಲಿ ನಾಲ್ವರು ಮಹಾರಥಿಗಳ ತಲಾ ಐದು, ಚಾಂಪಿಯನ್ನನ ಆರು, ಒಟ್ಟು 26 ಜೀವಿಗಳನ್ನು ನಡುವೆ ಆಸ್ಪತ್ರೆಗೆ ಹೋಗದೆ ಎದುರಿಸಬೇಕು. ಪಟ್ಟಿನ ಮಿತಿಯನ್ನು ಮರಳಿ ತುಂಬುವ ಔಷಧಿ ಮೊದಲ ಆಟದ ಅಂಗಡಿಗಳಲ್ಲಿ ಸಿಗುವುದಿಲ್ಲ. ದಾರಿಯಲ್ಲಿ ಸಿಕ್ಕಿದ್ದನ್ನು ಕೂಡಿಟ್ಟವನೇ ಜಾಣ.

ಗಂಟೆಯೋ, ಬುದ್ಧಿಯೋ?

ಇದರಿಂದಲೇ ಅನುಭವಿಗಳು ಎರಡನೆಯ ಕಟ್ಟಳೆಯನ್ನೂ ಸೇರಿಸಿದರು. ಹುಲ್ಲಿನಲ್ಲಿ ಸಿಗುವ ಕಾಡುಜೀವಿಗಳೊಡನೆ ಎಷ್ಟು ಹೊತ್ತು ಬೇಕಾದರೂ ಕಾದಾಡಿ ಲೆವೆಲ್ ಏರಿಸಬಹುದಷ್ಟೆ. ಅದನ್ನು ಕೈಬಿಡುವುದು. ದಾರಿಯಲ್ಲಿ ಎದುರಾಗುವ ತರಬೇತುದಾರರು ಒಬ್ಬೊಬ್ಬರೂ ಒಂದೇ ಸಲ ಸೆಣಸುತ್ತಾರೆ. ಅವರಿಂದ ಬಂದಷ್ಟೇ ಅನುಭವ. ಆಗ ಗಂಟೆಗಟ್ಟಲೆ ಕೂರುವುದರಿಂದ ಲಾಭವಿಲ್ಲ. ಸೋತಾಗ ಏಕೆ ಸೋತೆ ಎಂದು ಯೋಚಿಸಲೇಬೇಕು.

ತಾನೇ ಕಟ್ಟಳೆ ಹಾಕಿಕೊಂಡು ಆಡುವುದು ನಮಗೆ ಹೊಸದಲ್ಲ. ಚದುರಂಗದಲ್ಲಿ ಬಲ್ಲವನು ಕಲಿಯುವವನೆದುರು ತನ್ನ ಆನೆಯನ್ನೋ ಮಂತ್ರಿಯನ್ನೋ ತೆಗೆದಿಟ್ಟು ಆಡುವುದುಂಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇನ್ನೂ ಮುಂದೆ ಹೋದರು. ಬೇರೆ ಯಾವ ಕಾಯಿಯೂ ಇಲ್ಲದೆ, ಒಂದೇ ಕುದುರೆಯನ್ನು ಅದರ ನಡೆಯಲ್ಲೇ ನಡೆಸಿ 64 ಮನೆಗಳನ್ನೂ ತಲಾ ಒಂದೇ ಸಲ ಮುಟ್ಟಿಸುವ ಸಮಸ್ಯೆಗೆ ಅವರು ಹಲವು ಪರಿಹಾರಗಳನ್ನು ರಚಿಸಿದರು. ಅಲ್ಲಿ ಹೊತ್ತು ಕಳೆದ ಮಾತ್ರಕ್ಕೆ ಕುದುರೆ ದಾರಿ ಮುಗಿಸುವುದಿಲ್ಲ. ಪ್ರತಿ ಹೆಜ್ಜೆಗೂ ಮುಂದಿನ ಹತ್ತು ಹೆಜ್ಜೆಗಳ ಲೆಕ್ಕ ಬೇಕು.

ಹಾಗೆಂದು ಮಕ್ಕಳು ಹಗಲೂ ರಾತ್ರಿ ವಿಡಿಯೋ ಗೇಮ್ ಆಡಲಿ ಎಂದಲ್ಲ. ಗಡಿಯಾರದ ಲೆಕ್ಕ ಇರಲೇಬೇಕು. ಕಣ್ಣಿಗೂ ನಿದ್ದೆಗೂ ಅದು ಅಗತ್ಯ. ಅದರ ಜೊತೆಗೆ ತಂದೆ ತಾಯಂದಿರು ಇನ್ನೊಂದು ಪ್ರಶ್ನೆ ಕೇಳಬಹುದು: ‘ಇವತ್ತು ಎಲ್ಲಿ ಸೋತೆ? ನಾಳೆ ಏನನ್ನು ಬದಲಾಯಿಸುತ್ತೀ?’ ‘ಇನ್ನಷ್ಟು ಹೊತ್ತು ಆಡಿದರೆ ಗೆಲ್ಲುತ್ತೇನೆ’ ಎಂಬ ಉತ್ತರ ಬಂದರೆ ಆ ದಿನಕ್ಕೆ ಆಟ ನಿಲ್ಲಿಸಲು ಅದೇ ಸರಿಯಾದ ಹೊತ್ತು. ಕಾಗದ, ಪೆನ್ಸಿಲ್ ತಂದು ಇಲಿಗೂ ದೆವ್ವಕ್ಕೂ ಇರುವ ಲೆಕ್ಕವನ್ನು ಬಿಡಿಸಿ ತೋರಿಸಿದರೆ, ಐದು ನಿಮಿಷ ಪಕ್ಕದಲ್ಲಿ ಕೂತು ಕೇಳಿ. ಗಣಿತದ ಪುಸ್ತಕದ ಅರ್ಧ, ಇಮ್ಮಡಿ, ಸೊನ್ನೆಗಳೇ ಅಲ್ಲಿಯೂ ಇವೆ.